ಗೆಜ್ಜೆ ಕಟ್ಟಿದ ಇಂಜಿನ್

ಹುನ್ನೂರಿನ ಜಕ್ಕಪ್ಪ ಮಿಸ್ತ್ರಿಯ ಕಿವಿಯ ಬಗ್ಗೆ ಸುತ್ತಲಿನ ಊರುಗಳಲ್ಲಿ ಓಡಾಡುವ ಕತೆಗಳಲ್ಲಿ ಅರ್ಧ ಖರೆ, ಉಳಿದರ್ಧ ಅವನೇ ಹುಟ್ಟಿಸಿದವು. ಮುಧೋಳದ ಬಸ್ಸಿನಲ್ಲಿ ಕೂತವನು ಹೊಲದಲ್ಲಿ ಓಡುತ್ತಿದ್ದ ಡೀಸೆಲ್ ಪಂಪಿನ ಸದ್ದು ಕೇಳಿ, "ಆ ಇಂಜಿನ್ನಿನ ವಾಲ್ವ್ ಸಡ್ಲ ಆಗೇತಿ" ಎಂದು ಬಸ್ಸು ನಿಲ್ಲಿಸಿ, ಇಳಿದು ಹೋಗಿ ಬಿಗಿ ಮಾಡಿ ಬಂದನಂತೆ. ಬಸ್ಸು ನಿಂತದ್ದು ಸುಳ್ಳು. ನಮ್ಮ ಕಡೆಯ ಬಸ್ಸುಗಳು ಕೈ ಮಾಡಿದವರಿಗೇ ನಿಲ್ಲುವುದಿಲ್ಲ, ಇನ್ನು ಇಂಜಿನ್ನಿಗೆ ನಿಲ್ಲುತ್ತವೆಯೆ? ಆದರೆ ವಾಲ್ವ್ ಸಡಿಲಾಗಿದ್ದು ನಿಜ.

ಅವರದು ಬೀರೇಶ್ವರನಿಗೆ ನಡೆದುಕೊಳ್ಳುವ ಕುರಿಗಾರರ ಮನೆತನ. ತಂದೆ ಮಾಳಿಂಗರಾಯ ಯಾವ ಮರಿ ಯಾವ ಕುರಿಯದೆಂದು ಕೂಗಿನ ಮೇಲೇ ಹೇಳುತ್ತಿದ್ದ. ಮಗ ಕುರಿ ಬಿಟ್ಟು ಇಂಜಿನ್ ಹಿಡಿದರೂ ಕಿವಿ ಅಪ್ಪನದೇ ಬಂತು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಆನಿಸಿ, ಹಿಡಿಕೆಯನ್ನು ಕಿವಿಗೆ ಒತ್ತಿ, ಕಣ್ಣು ಮುಚ್ಚಿ ನಿಂತನೆಂದರೆ ಸುತ್ತಲಿದ್ದವರು ಮಾತು ನಿಲ್ಲಿಸುತ್ತಿದ್ದರು. ಆಮೇಲೆ ಹಣೆಗೆ ಹಚ್ಚಿಕೊಂಡ ದೇವರ ಅರಿಶಿನ ಭಂಡಾರದಲ್ಲೇ ಒಂದು ಚಿಟಿಕೆ ಇಂಜಿನ್ನಿಗೂ ಹಚ್ಚಿ ಅವನು ರೋಗದ ಹೆಸರು ಹೇಳುತ್ತಿದ್ದ. ಇಂಜಿನ್ನಿನೊಳಗೆ ಉರಿ ಹೊತ್ತಲ್ಲದ ಹೊತ್ತಿಗೆ ಹತ್ತಿಕೊಂಡು ಸಣ್ಣಗೆ ಟಿಣ್ ಟಿಣ್ ಎಂದು ಬಡಿಯುವುದಕ್ಕೆ "ಇಂಜಿನ್ ಗೆಜ್ಜಿ ಕಟ್ಟೇತಿ" ಎಂಬ ಮಾತನ್ನು ಹುಟ್ಟಿಸಿದವನೂ ಅವನೇ. ಈಗ ಜಮಖಂಡಿಯಿಂದ ಬೀಳಗಿಯ ತನಕ ಎಲ್ಲ ಮಿಸ್ತ್ರಿಗಳ ಬಾಯಲ್ಲೂ ಅದೇ ಮಾತು.

ಆ ಗೆಜ್ಜೆಯ ಸದ್ದೇ ಅವನಿಗೆ ಮೊದಲು ಕೇಳದಾಯಿತು. ಜೀವಮಾನವೆಲ್ಲ ಇಂಜಿನ್ನಿನ ಹೊಗೆಕೊಳವೆಯ ಪಕ್ಕ ಕೂತವನ ಕಿವಿ ಎಷ್ಟು ದಿನ ತಾಳೀತು? ಅದರ ಬೆನ್ನಿಗೆ ಫೋನಿನ ಗಂಟೆ ಹೋಯಿತು, ಆಮೇಲೆ ಮೊಮ್ಮಗಳ ಮಾತು, ಆಮೇಲೆ ಹಿಂದಿನಿಂದ ಕರೆದವರ ದನಿ. ಹೆಂಡತಿ ಮಾಲಾ ಒಂದು ದಿನ ಎದುರಿಗೆ ಕೂತು, "ಕಿವಿ ತೋರಿಸ್ಕೋರಿ, ಮಿಷನ್ ಹಾಕ್ಕೊಂಡ್ರ ಏನಾಗತೈತಿ?" ಎಂದಾಗ, ಅವಳು ಬೇರೆ ಗಂಡಸನ್ನು ನೋಡಿಕೊಳ್ಳುತ್ತೇನೆ ಎಂದಳೇನೋ ಎಂಬಷ್ಟು ಸಿಟ್ಟು ಮಾಡಿದ. ಕಣ್ಣು ಹೋದ ಅಕ್ಕಸಾಲಿ ಕೂಡ ಅಂಗಡಿ ಮುಚ್ಚುತ್ತಾನೆ. ಈ ಮನುಷ್ಯ ಮುಚ್ಚಲಿಲ್ಲ. ತುಟಿ ನೋಡಿ ಮಾತು ಹಿಡಿಯುವುದನ್ನು ಕಲಿತ. ಬೇರೆಯವರಿಗೆ ಮಾತಿಗೆ ಎಡೆಯಿರಬಾರದೆಂದು ತಾನೇ ಮಾತಾಡುತ್ತ ಹೋದ. ಎಲ್ಲರೂ ನಕ್ಕಾಗ ತಾನೂ ನಕ್ಕ. ಯಾರೋ ಏನೋ ಅಂದರು ಅನಿಸಿದರೆ ಸಾಕು, ತಲೆಯಾಡಿಸಿ "ಹೂಂ" ಅನ್ನುತ್ತಿದ್ದ. ಈ ಹೂಂ ಅವನನ್ನು ಎಷ್ಟೋ ಕಡೆ ಪಾರು ಮಾಡಿತ್ತು.

ಅದೇ ಹೊತ್ತಿಗೆ ಡೀಸೆಲ್ ಇಂಜಿನ್ನಿಗೆ ಗ್ಯಾಸ್ ಕೂಡಿಸುವ ಕೆಲಸ ಬಂತು. ಹತ್ತಿರದಲ್ಲೇ ಸಿಎನ್‌ಜಿ ಸಿಗಲು ಶುರುವಾದ ಮೇಲೆ ಜನರೇಟರ್ ಇದ್ದವರಿಗೆಲ್ಲ ಅದರ ಆಸೆ ಹತ್ತಿತು. ಜಕ್ಕಪ್ಪ ಬೆಳಗಾವಿಗೆ ಹೋಗಿ ಕಲಿತು ಬಂದ. ಕೇಳಿದವರಿಗೆಲ್ಲ ಒಲೆಯ ಲೆಕ್ಕದಲ್ಲಿ ತಿಳಿಸಿ ಹೇಳುತ್ತಿದ್ದ: "ಡೀಸೆಲ್ ಪೂರಾ ಬಿಡಾಕ ಬರಂಗಿಲ್ರಿ. ಗ್ಯಾಸ್ ತಾನಾಗಿ ಹತ್ತಂಗಿಲ್ಲ. ಸಗಣಿ ಕುಳ್ಳಿಗೆ ಉರಿ ಹಿಡಸಾಕ ಒಂದೀಟ ಚಿಮಣಿ ಎಣ್ಣಿ ಹಾಕತೀವಲ್ಲ, ಡೀಸೆಲ್ ಅಷ್ಟ. ಉಳದದ್ದು ಉರಿಯೂದೆಲ್ಲಾ ಗ್ಯಾಸ್."

ಗಾಳಿ ಎಳೆದುಕೊಳ್ಳುವ ದಾರಿಯಲ್ಲಿ ಗ್ಯಾಸ್ ಸೇರಿಸುವುದು, ಅದಕ್ಕೊಂದು ತಿರುಪು. ತಿರುಪನ್ನು ಎಷ್ಟು ತೆರೆಯಬೇಕು ಎಂಬುದರಲ್ಲೇ ಎಲ್ಲ ಜಾಣತನ. ಕಡಿಮೆಯಾದರೆ ಡೀಸೆಲ್ ಉಳಿಯುವುದಿಲ್ಲ, ಹೆಚ್ಚಾದರೆ ಇಂಜಿನ್ ಗೆಜ್ಜೆ ಕಟ್ಟಿ ಪಿಸ್ಟನ್ನನ್ನು ತಿನ್ನುತ್ತದೆ. ಜಕ್ಕಪ್ಪನ ಪದ್ಧತಿ ಅವನದೇ. ಗೆಜ್ಜೆ ಕೇಳುವವರೆಗೆ ತಿರುಪು ತೆರೆಯುವುದು, ಕೇಳಿದ ಕೂಡಲೇ ಹಿಂದಕ್ಕೆ ತಿರುಗಿಸಿ ಬಿಗಿಯುವುದು. ಗೆಜ್ಜೆ ಕೇಳದವನಿಗೆ ಈ ಪದ್ಧತಿ ಏನು ಮಾಡೀತು ಎಂದು ಬೇರೆ ಹೇಳಬೇಕಿಲ್ಲ. ಅವನಿಗೂ ಅದು ಗೊತ್ತಿತ್ತು.

ಬನಹಟ್ಟಿಯ ಸುಭಾಷನ ಪವರ್‌ಲೂಮ್ ಶೆಡ್ಡಿನ ಜನರೇಟರಿಗೆ ಗ್ಯಾಸ್ ಕೂಡಿಸಿದ ದಿನ, ಗ್ಯಾಸ್ ಕಿಟ್ಟಿನ ಡಬ್ಬಿಯೊಳಗೆ ಒಂದು ಸಣ್ಣ ಸೆನ್ಸರ್ ಇತ್ತು. ಬಡಿತ ಶುರುವಾದರೆ ಕೆಂಪು ದೀಪ ಹತ್ತಿಸಿ ಗ್ಯಾಸ್ ನಿಲ್ಲಿಸುವಂಥದು. ಇದೇನೆಂದು ಸುಭಾಷ ಕೇಳಿದ. "ಅದು ಕಿವಿ ಇಲ್ಲದಾವ್ರಿಗೆ" ಎಂದು ಜಕ್ಕಪ್ಪ ಅದನ್ನು ಡಬ್ಬಿಗೇ ತಿರುಗಿ ಹಾಕಿದ. ಶೆಡ್ಡಿನವರೆಲ್ಲ ನಕ್ಕರು, ಅವನೂ ನಕ್ಕ. ಆಮೇಲೆ ಅಂಗೈಯನ್ನು ಇಂಜಿನ್ನಿನ ಮೈಮೇಲೆ ಇಟ್ಟು, ನಡುಕದ ಅಂದಾಜಿನ ಮೇಲೆ ತಿರುಪು ತೆರೆದ. ಸ್ಕ್ರೂಡ್ರೈವರ್ ಕಿವಿಗಿಟ್ಟುಕೊಂಡದ್ದು ಬರೀ ನೋಡುವವರಿಗಾಗಿ.

ಆ ಇಂಜಿನ್ ಹಬ್ಬದ ಹಂಗಾಮಿನಲ್ಲಿ ನಿಂತಿತು. ಸೀರೆಗೆ ಬೇಡಿಕೆ ಇದ್ದ ದಿನಗಳು, ಕರೆಂಟು ಮಾತ್ರ ಕಣ್ಣುಮುಚ್ಚಾಲೆಯಾಡುತ್ತಿತ್ತು. ಜಕ್ಕಪ್ಪ ಬಂದು ಹೆಡ್ಡು ಬಿಚ್ಚಿದ. ಪಿಸ್ಟನ್ನಿನ ನೆತ್ತಿ ಇಲಿ ತಿಂದ ರೊಟ್ಟಿಯ ಹಾಗಿತ್ತು. ನೋಡಿದ ಕೂಡಲೇ ತಿಳಿಯಿತು, ಇದು ಗ್ಯಾಸ್ ಹೆಚ್ಚಾಗಿ ಆದದ್ದು, ತಿರುಪು ತಾನು ಬಿಗಿದಲ್ಲೇ ಇದೆ.

"ಏನಾಗೇತ್ರಿ ಮಿಸ್ತ್ರಿ?" ಸುಭಾಷ ಎದುರಿಗೆ ಬಂದು ಕೇಳಿದ. ಹಿಂದೆ ನೇಕಾರರೆಲ್ಲ ನಿಂತಿದ್ದರು. ಜನರೇಟರ್ ನೋಡಿಕೊಳ್ಳುವ ಗುರಪ್ಪ ಕೈ ಒರೆಸಿಕೊಳ್ಳುತ್ತ ಪಕ್ಕದಲ್ಲಿದ್ದ. ಮಿತಮಾತಿನ, ತಲೆ ತಗ್ಗಿಸಿ ನಡೆಯುವ ಮನುಷ್ಯ. ಅವನ ಹೆಂಡತಿ ಪೂರ್ಣಿಮಾ ಅದೇ ಶೆಡ್ಡಿನಲ್ಲಿ ಮಗ್ಗ ನೋಡುತ್ತಿದ್ದಳು.

"ತಿರುಪು ಯಾರೋ ತಿರುವ್ಯಾರ" ಎಂದ ಜಕ್ಕಪ್ಪ. ಮಾತು ತಾನಾಗಿ ಬಂತು. ಬಂದ ಮೇಲೆ ಅದಕ್ಕೆ ಕಾಲು ಕೂಡಿಸಬೇಕಾಯಿತು. "ಡೀಸೆಲ್ ಉಳಿಸಿ ಮಾಲಕರ ಕಡಿಂದ ಶಹಬ್ಬಾಸ್ ಅನ್ನಿಸ್ಕೊಳ್ಳೂನು ಅಂತ ಗ್ಯಾಸ್ ಜಾಸ್ತಿ ಬಿಟ್ಟಾರ. ಗೆಜ್ಜಿ ಕಟ್ಟಿದ್ದನ್ನ ಯಾರರೆ ನನಗ ಹೇಳಬೇಕೋ ಬ್ಯಾಡೋ? ಯಾರೂ ಹೇಳಿಲ್ಲ."

ಎಲ್ಲರ ಕಣ್ಣು ಗುರಪ್ಪನ ಮೇಲೆ ಹೋದವು. ಅವನು ಬಾಯಿ ತೆರೆದ, ಮುಚ್ಚಿದ. ಜಕ್ಕಪ್ಪನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದ. ಆಮೇಲೆ, "ನಾ ಮುಟ್ಟಿಲ್ರಿ. ಬೇಕಾದ್ರ ಭಂಡಾರ ಮುಟ್ಟಿ ಹೇಳತೇನಿ" ಎಂದ.

ಭಂಡಾರ ಇದ್ದದ್ದು ಜಕ್ಕಪ್ಪನ ಹಣೆಯ ಮೇಲೆ. ಅವನು ಅದನ್ನು ಒರೆಸಿಕೊಳ್ಳಲೂ ಇಲ್ಲ, ಗುರಪ್ಪನ ಮಾತು ಖರೆ ಎನ್ನಲೂ ಇಲ್ಲ. "ದೇವರನ್ನ ಯಾಕ ನಡುವ ತರ್ತಿ" ಎಂದುಬಿಟ್ಟ. ಸುಭಾಷ ಗುರಪ್ಪನಿಗೆ ನಾಳೆಯಿಂದ ಬರಬೇಡ ಎಂದ.

ಗುರಪ್ಪನಿಗೆ 'ಇಂಜಿನ್ ಸುಟ್ಟಾಂವ' ಎಂಬ ಹೆಸರು ಬಿತ್ತು. ಬನಹಟ್ಟಿಯಲ್ಲಿ ಯಾರೂ ತಮ್ಮ ಮಷಿನ್ನಿನ ಹತ್ತಿರ ಅವನನ್ನು ಬಿಟ್ಟುಕೊಳ್ಳಲಿಲ್ಲ. ಅವನು ಮಹಾಲಿಂಗಪುರದ ಪೇಟೆಗೆ ಬೆಲ್ಲದ ಪೆಂಟಿ ಹೊರಲು ಹೋಗತೊಡಗಿದ. ಜಕ್ಕಪ್ಪ ಅದನ್ನು ಕಣ್ಣಾರೆ ಕಂಡ. ಬಸ್‌ಸ್ಟ್ಯಾಂಡಿನಲ್ಲಿ ಗುರಪ್ಪ ಎದುರಿಗೆ ಬಂದು "ನಮಸ್ಕಾರ್ರಿ ಮಿಸ್ತ್ರಿ" ಎಂದಾಗ ಅವನಿಗೆ ಭೂಮಿ ಬಾಯಿ ಬಿಡಬಾರದೆ ಅನಿಸಿತು. ಬೈದಿದ್ದರೆ ಚೆನ್ನಾಗಿತ್ತು. ನಮಸ್ಕಾರ ಮಾಡಿದನಲ್ಲ! ಅಂದು ಮನೆಗೆ ಹೋದವನು ರೊಟ್ಟಿ ಮುರಿದು ಹಾಗೇ ಇಟ್ಟ. ಮಾಲಾ ಏನಾಯಿತೆಂದು ಕೇಳಿದಳು. ಅವನು ಹೂಂ ಎಂದ. "ಏನಾತು ಅಂದ್ರ ಹೂಂ ಅಂತಾರೇನ್ರಿ?" ಎಂದಳು ಅವಳು. ಅವನು ಅದಕ್ಕೂ ಹೂಂ ಎಂದ.

ಹೊಸ ಪಿಸ್ಟನ್ ಬಂತು. ಜಕ್ಕಪ್ಪ ಇಂಜಿನ್ ಕಟ್ಟಿದ. ಚಾಲೂ ಮಾಡುವ ದಿನ ಬೆಳಗಿನಿಂದಲೇ ಕರೆಂಟಿರಲಿಲ್ಲ. ಮಗ್ಗಗಳೆಲ್ಲ ನಿಂತು ಶೆಡ್ಡು ಬಿಕೋ ಎನ್ನುತ್ತಿತ್ತು. ನೇಕಾರರು ಜನರೇಟರ್ ಕೋಣೆಯ ಬಾಗಿಲಲ್ಲಿ ಗುಂಪು ಕೂಡಿದ್ದರು. ಇವತ್ತು ತಿರುಪನ್ನು ಎಷ್ಟಕ್ಕೆ ಬಿಗಿಯುವುದು ಎಂಬ ಒಂದೇ ಚಿಂತೆಯಲ್ಲಿ ಜಕ್ಕಪ್ಪ ತಲೆ ಎತ್ತಿದಾಗ ಪೂರ್ಣಿಮಾ ಎದುರಿಗೆ ನಿಂತಿದ್ದಳು.

"ಮಿಸ್ತ್ರಿ, ಚಹಾ ಆತೇನ್ರಿ?" ಎಂದಳು.

ಗಂಡನನ್ನು ಬೀದಿಪಾಲು ಮಾಡಿದವನಿಗೆ ಚಹಾ ಕೇಳುತ್ತಾಳಲ್ಲ ಎಂದು ಅವನ ಜೀವ ಹಗುರಾಯಿತು. "ಆತು ಬಿಡವಾ, ಬರೂ ಮುಂದ ಕುಡದ ಬಂದೇನಿ" ಎಂದ ದೊಡ್ಡದಾಗಿ.

ಸುಭಾಷ ಹುಬ್ಬು ಗಂಟಿಕ್ಕಿ ಅವನನ್ನು ನೋಡಿದ. "ಯಾರ ಜೋಡಿ ಮಾತಾಡಾಕತ್ತೀರಿ ಮಿಸ್ತ್ರಿ?"

"ನನ್ನ ಜೋಡಿ" ಎಂದಳು ಪೂರ್ಣಿಮಾ. ಒಂದೊಂದು ಮಾತನ್ನೂ ಅವನಿಗೆ ಕಾಣುವ ಹಾಗೆ ಬಿಡಿಸಿ ಹೇಳಿದಳು. "ನಾ ದನಿ ತಗದಿಲ್ಲ. ತುಟಿ ಅಷ್ಟ ಅಳ್ಳಾಡಿಸೇನಿ. ನಿಮಗ್ಯಾರಿಗೂ ಕೇಳಿಲ್ಲ ಹೌದಿಲ್ಲೋ? ಮಿಸ್ತ್ರಿಗೆ ಕೇಳೇತಿ!"

ಮಗ್ಗದ ಖಟಖಟದೊಳಗೆ ಬಾಳುವವರ ಭಾಷೆ ಅದು. ಮಗ್ಗ ಓಡುವಾಗ ಅರಚಿದರೂ ಪ್ರಯೋಜನವಿಲ್ಲ, ಶೆಡ್ಡಿನಲ್ಲಿ ಎಲ್ಲರೂ ತುಟಿಯಲ್ಲೇ ಮಾತಾಡುತ್ತಾರೆ, ಜಗಳವನ್ನೂ ಆಡುತ್ತಾರೆ. ಮಾತಾಡುವವರ ಕಣ್ಣನ್ನು ಬಿಟ್ಟು ಬಾಯಿಯನ್ನೇ ನೋಡುವವನು ಎಂಥವನೆಂದು ಅವರಿಗೆ ಗೊತ್ತಾಗದೆ ಇರುತ್ತದೆಯೆ? ಜಕ್ಕಪ್ಪ ಎಲ್ಲ ಊರುಗಳನ್ನೂ ಏಮಾರಿಸಿ, ಏಮಾರಿಸಲಾಗದ ಒಂದೇ ಊರಿಗೆ ಬಂದು ಸಿಕ್ಕಿಬಿದ್ದಿದ್ದ.

ನೆವ ಹೇಳಲು ಅವನ ಬಾಯಿ ತೆರೆಯಿತು. ಆದರೆ ಪೂರ್ಣಿಮಾ ಅವನ ತುಟಿಯನ್ನೇ ನೋಡುತ್ತಿದ್ದಳು. "ಗುರಪ್ಪ ತಿರುಪು ಮುಟ್ಟಿಲ್ಲ" ಎಂದ. "ನಂದ ತಪ್ಪು. ನನಗ ಗೆಜ್ಜಿ ಕೇಳಸಂಗಿಲ್ರಿ. ಭಾಳ ದಿನಾ ಆತು." ಹೇಳಿ, ಏಟು ಬೀಳುತ್ತದೇನೋ ಎಂಬಂತೆ ನಿಂತ.

ಬಿದ್ದದ್ದು ನಗೆ. ಶೆಡ್ಡಿಗೇ ಹಿರಿಯ ನೇಕಾರ ರಾಮಣ್ಣ ಹಲ್ಲಿಲ್ಲದ ಬಾಯಿ ತೆರೆದು ನಗುತ್ತಿದ್ದ. "ಇಷ್ಟ ಏನಲೇ? ಕಿವುಡ ಅನ್ನೂದಕ್ಕ ಇಷ್ಟೆಲ್ಲಾ? ಈ ಶೆಡ್ಡಿನ್ಯಾಗ ಯಾರಿಗೆ ಕೇಳತೈತಿ ಹೇಳು! ನನಗೂ ಇಲ್ಲ, ಈಕಿಗೂ ಅರ್ಧಾ ಇಲ್ಲ. ನಾವೇನ್ ಮಾರಿ ಮುಚ್ಕೊಂಡ ತಿರಗತೀವೇನು?"

ಈ ನಗೆಗಿಂತ ಕೆರದೇಟು ವಾಸಿಯಿತ್ತು. ಯಾವ ಮಾತನ್ನು ಬಚ್ಚಿಡಲು ಒಬ್ಬನ ಹೆಸರನ್ನು ಸುಟ್ಟಿದ್ದನೋ, ಆ ಮಾತಿಗೆ ಇಲ್ಲಿ ಯಾರೂ ಕವಡೆ ಕಿಮ್ಮತ್ತು ಕೊಡಲಿಲ್ಲ. ಸುಭಾಷ ಮಾತ್ರ ನಗಲಿಲ್ಲ. ಫೋನು ತೆಗೆದು ಗುರಪ್ಪನನ್ನು ಕರೆದ.

ಗುರಪ್ಪ ಮಧ್ಯಾಹ್ನದ ಬಸ್ಸಿಗೆ ಬಂದ. ಅಂಗಿಯ ಹೆಗಲಿಗೆ ಬೆಲ್ಲ ಮೆತ್ತಿಕೊಂಡಿತ್ತು. ಯಾರು ಏನು ಹೇಳಿದರೋ ಏನೋ, ನೇರ ಇಂಜಿನ್ನಿನ ಹತ್ತಿರ ಬಂದ. ಜಕ್ಕಪ್ಪ ಸ್ಕ್ರೂಡ್ರೈವರನ್ನು ಅವನ ಕೈಗೆ ಕೊಟ್ಟು, "ಗೆಜ್ಜಿ ಕೇಳಿಸಿದ ಕೂಡ್ಲೆ ಕೈ ಎತ್ತು" ಎಂದ. ಇಂಜಿನ್ ಚಾಲೂ ಆಗಿ, ಮಗ್ಗಗಳೆಲ್ಲ ಓಡತೊಡಗಿದ ಮೇಲೆ ಗುರಪ್ಪ ಹಿಡಿಕೆಗೆ ಕಿವಿ ಕೊಟ್ಟು ನಿಂತ. ಜಕ್ಕಪ್ಪ ಅವನ ಕೈಯನ್ನೇ ನೋಡುತ್ತ ತಿರುಪು ತೆರೆದ. ಮೊದಲ ಸಲ ಬಿಗಿದ ಗುರುತು ಇನ್ನೂ ಬಹಳ ದೂರವಿರುವಾಗಲೇ ಗುರಪ್ಪನ ಕೈ ಮೇಲೆದ್ದಿತು. ಜಕ್ಕಪ್ಪ ತಿರುಪನ್ನು ಹಿಂದಕ್ಕೆ ತಿರುಗಿಸಿ ಬಿಗಿದ. ತಾನು ಆ ದಿನ ಎಷ್ಟು ಮುಂದೆ ಹೋಗಿದ್ದೆ ಎಂಬುದನ್ನು ನೋಡುತ್ತ ಕುಳಿತ.

ಕರೆಂಟು ಬಂದ ಮೇಲೆ ಇಂಜಿನ್ ಆರಿಸಿದರು. ಕೋಣೆಯಲ್ಲಿ ಇಬ್ಬರೇ ಉಳಿದರು. ಜಕ್ಕಪ್ಪ ಎದ್ದು ಹೋಗಿ ಗುರಪ್ಪನ ಎದುರಿಗೆ ನಿಂತು ಕೈ ಮುಗಿದ. ವಯಸ್ಸಿನಲ್ಲಿ ಮಗನಂಥವನಿಗೆ ಕೈ ಮುಗಿದದ್ದು ಅವನಿಗೆ ಭಾರವೆನಿಸಲಿಲ್ಲ. "ನಿನ್ನ ಹೆಸರು ಕೆಡಿಸಿದೆ, ತಮ್ಮಾ. ನಾಚಿಕಿ ಆಗತೈತಿ ನನಗ" ಎಂದ.

ಗುರಪ್ಪ ತಲೆ ತಗ್ಗಿಸಿ ಎಣ್ಣೆ ಒರೆಸುತ್ತಲೇ ಏನೋ ಹೇಳಿದ. ದವಡೆ ಅಲುಗಿದ್ದರಿಂದ ಮಾತಾಡಿದನೆಂದು ಗೊತ್ತಾಯಿತು, ಮಾತು ಗೊತ್ತಾಗಲಿಲ್ಲ. ಜಕ್ಕಪ್ಪನ ನಾಲಿಗೆಯ ತುದಿಗೆ ಹೂಂ ಬಂದೇಬಿಟ್ಟಿತ್ತು. ನುಂಗಿಕೊಂಡ.

"ಕೇಳಸಲಿಲ್ಲೋ" ಎಂದ. "ಮಾರಿ ಎತ್ತಿ ಇನ್ನೊಮ್ಮೆ ಹೇಳು."

ಗುರಪ್ಪ ಮುಖ ಎತ್ತಿದ. "ನಾ ಅವತ್ತ ಗ್ಯಾಸ್ ಕೂಡಿಸಿದ ದಿನಾನ ಹೇಳಿದ್ನಿರಿ. ನೀವು ತಿರುಪು ಬಿಗಿ ಮಾಡಾಕತ್ತಿದ್ರಿ. ನಾ ಬೆನ್ನ ಹಿಂದ ನಿಂತು, ಸಣ್ಣಗ ಗೆಜ್ಜಿ ಕೇಳಸಾಕತ್ತೇತ್ರಿ ಅಂದ್ನಿ. ನೀವು ಹೂಂ ಅಂದ್ರಿ."

ಜಕ್ಕಪ್ಪ ಕೇಳಿದ: "ಮತ್ತ ಎಲ್ಲಾರ ಮುಂದ ಅದನ್ಯಾಕ ಹೇಳಲಿಲ್ಲೋ ನೀನು?"

"ಯಾರೂ ಹೇಳಿಲ್ಲ ಅಂದ್ರಲ್ರಿ ನೀವು. ನಿಮ್ಮಂಥಾ ಕಿವಿ ಇದ್ದಾವ್ರು ಹಂಗ ಅಂದಮ್ಯಾಲ, ನಾನ ಹೇಳಿಲ್ಲೇನೋ, ಗೆಜ್ಜೀನೂ ಕೇಳಿಲ್ಲೇನೋ ಅಂದ್ಕೊಂಡ್ನಿ." ಗುರಪ್ಪ ಬಟ್ಟೆಯನ್ನು ಮಡಚಿ ಇಂಜಿನ್ನಿನ ಮೇಲಿಟ್ಟ. "ಮಹಾಲಿಂಗಪುರದಾಗ ಡಾಕ್ಟರ್ ಕಡೆ ಹೋಗಿ ಕಿವಿ ತೋರಿಸ್ಕೊಂಡ ಬಂದ್ನಿರಿ. ಕಿವಿ ಛಲೋ ಅದಾವ ಅಂದ್ರು. ನಾ ನಂಬಲಿಲ್ಲ."