ಬಬಲೇಶ್ವರದ ಮ್ಯಾಚಿಗೆ ಮುಂಚಿನ ಊಟ

ಅಡುಗೆಮನೆಯಿಂದ ಹುರಿದ ಎಳ್ಳಿನ ವಾಸನೆ ಬರುತ್ತಿದೆ. ನಾಳೆ ಎಳ್ಳಮಾವಾಸ್ಯೆ. ಹೆಂಡತಿ ಬೆಳಗಿನಿಂದ ಸಜ್ಜೆ ರೊಟ್ಟಿಗೆ ಎಳ್ಳು ಹಚ್ಚಿ ಬಡಿಯುತ್ತಿದ್ದಾಳೆ. ಈ ವಾಸನೆಗೆ ನಿಮಗೆ ಹೊಲ ನೆನಪಾಗಬಹುದು, ಭೂಮಿತಾಯಿಗೆ ಚರಗದ ಎಡೆ ಚೆಲ್ಲಿ ಜೋಳದ ನಡುವೆ ಪಂಕ್ತಿಯಲ್ಲಿ ಕುಳಿತು ಉಂಡದ್ದು ನೆನಪಾಗಬಹುದು. ನನಗೆ ಕೆಲವು ವರ್ಷಗಳಿಂದ ಫುಟ್ಬಾಲ್ ನೆನಪಾಗುತ್ತದೆ. ನಗಬೇಡಿ, ಕಾರಣ ಇದೆ.

ನನ್ನದೊಂದು ಬಾಡಿಗೆಗೆ ಓಡಿಸುವ ಕ್ರೂಸರ್ ಗಾಡಿ. ಹತ್ತನೇ ಇಯತ್ತೆ ಪಾಸಾದ ಮೇಲೆ ಓದು ನನ್ನನ್ನು ಬಿಟ್ಟಿತೋ ನಾನು ಅದನ್ನು ಬಿಟ್ಟೆನೋ, ಅಂತೂ ಆಯುಷ್ಯವೆಲ್ಲ ವಿಜಯಪುರ–ಟಿಕೋಟಾ ರಸ್ತೆಯ ಮೇಲೆ ಕಳೆಯಿತು. ಕೆಲವು ವರ್ಷದ ಹಿಂದೆ ನಗರದ ಒಂದು ಕಾಲೇಜಿನವರು ಫುಟ್ಬಾಲ್ ಹುಡುಗರನ್ನು ಊರೂರಿಗೆ ಒಯ್ಯಲು ನನ್ನ ಗಾಡಿ ಗೊತ್ತು ಮಾಡಿದರು. ಆಟದ ಬಗ್ಗೆ ನನಗೇನೂ ತಿಳಿಯದು. ಗೋಲಿನ ಮುಂದೆ ಒಬ್ಬನೇ ನಿಂತ ಹುಡುಗನನ್ನು ನೋಡಿ, ಪಾಪ, ಏನು ತಪ್ಪು ಮಾಡಿದ್ದಾನೋ, ಇವನಿಗೆ ಯಾರೂ ಚೆಂಡು ಕೊಡುವುದಿಲ್ಲವಲ್ಲ ಎಂದು ಮರುಗಿದ್ದೆ. ಆಫ್‌ಸೈಡ್ ಎಂದರೇನೆಂದು ಹುಡುಗರು ಡ್ಯಾಶ್‌ಬೋರ್ಡಿನ ಮೇಲೆ ಶೇಂಗಾ ಕಾಳು ಇಟ್ಟು ತೋರಿಸಿದರು. ಕಾಳು ತಿಂದೆ, ಆಫ್‌ಸೈಡ್ ಇವತ್ತಿಗೂ ತಿಳಿದಿಲ್ಲ.

ತಂಡದ ನಾಯಕ ಸಿದ್ದಪ್ಪ. ಭೂತನಾಳದ ಕಡೆಯವನು, ಕುರಿ ಸಾಕುವ ಮನೆತನ. ಗಟ್ಟಿ ಆಳಲ್ಲ, ಗೋಣು ಉದ್ದ, ಕಣ್ಣು ಎಲ್ಲ ಕಡೆ. ಹುಡುಗರ ಮೈದಾನ ಕರಿಮಣ್ಣಿನದು, ಬಿಸಿಲಿಗೆ ಬಾಯಿ ಬಿಡುತ್ತಿತ್ತು. ಆಡುವ ಮುಂಚೆ ಅವನು ಬಿರುಕುಗಳಿಗೆ ತಾನೇ ಮರಳು ತುಂಬುತ್ತಿದ್ದ. ಕೇಳಿದರೆ, ಕಾಲು ಸಿಕ್ಕಿದರೆ ಮುರಿಯುತ್ತದೆ, ಎದುರು ತಂಡದವರದೂ ಕಾಲೇ ಅಲ್ಲವೇ ಎಂದ. ಅವತ್ತಿನಿಂದ ನಾನು ಗಾಡಿಯಲ್ಲಿ ಮಲಗುವುದು ಬಿಟ್ಟು ಗೆರೆಯ ಹತ್ತಿರ ನಿಂತು ಆಟ ನೋಡತೊಡಗಿದೆ.

ಅವರಲ್ಲೊಂದು ಪದ್ಧತಿ ಇತ್ತು. ಕ್ರೂಸರಿನಲ್ಲಿ ಮುಂದಿನ ಸೀಟಿಗೆ ಎಷ್ಟು ಜಗಳ ನಡೆಯುತ್ತದೆಂದು ನಿಮಗೆ ಗೊತ್ತು. ಗಾಳಿಯೂ ಅಲ್ಲೇ, ದೊಡ್ಡಸ್ತಿಕೆಯೂ ಅಲ್ಲೇ. ಈ ಹುಡುಗರು ಮಾತ್ರ ಅವತ್ತು ಎಲ್ಲರಿಗಿಂತ ಕೆಟ್ಟದಾಗಿ ಆಡಿದವನನ್ನು ಅಲ್ಲಿ ಕೂಡ್ರಿಸುತ್ತಿದ್ದರು. ಆ ಪದ್ಧತಿ ಹಾಕಿದವನು ಸಿದ್ದಪ್ಪನೇ. ಹಿಂದೆ ಮೂಲೆಯಲ್ಲಿ ಮುದುಡಿ ಕೂತರೆ ಸೋತದ್ದೇ ತಲೆ ತಿನ್ನುತ್ತದೆ, ಮುಂದೆ ಕೂತರೆ ರಸ್ತೆ ಕಾಣುತ್ತದೆ ಎನ್ನುತ್ತಿದ್ದ. ಕೈಗೆ ಬಂದ ಚೆಂಡು ಬಿಟ್ಟ ಗೋಲ್‌ಕೀಪರ್ ಒಮ್ಮೆ ನನ್ನ ಪಕ್ಕ ಅಳುತ್ತ ಕೂತು, ತೊರವಿ ಬರುವಷ್ಟರಲ್ಲಿ ಹಾಡು ಹೇಳುತ್ತಿದ್ದ. ಇಂಥ ಹುಡುಗರು ಗೆಲ್ಲದೆ ಏನು ಮಾಡುತ್ತಾರೆ? ಒಂದೊಂದಾಗಿ ಗೆಲ್ಲುತ್ತ ಹೋದರು. ಕೊನೆಗೆ ಬಬಲೇಶ್ವರದಲ್ಲಿ ಒಂದು ಮ್ಯಾಚು ಉಳಿಯಿತು. ಗೆದ್ದರೆ ಹೊರಜಿಲ್ಲೆಗೆ, ಮೇಲಿನ ಸುತ್ತಿಗೆ. ಸಿದ್ದಪ್ಪನಿಗೆ ಅದು ಕಾಲೇಜಿನ ಕಡೆಯ ವರ್ಷ.

ದಿನ ಗೊತ್ತು ಮಾಡಿದವರು ಯಾವ ಸೀಮೆಯವರೋ, ಎಳ್ಳಮಾವಾಸ್ಯೆಯ ಮಧ್ಯಾಹ್ನವೇ ಆಟ ಇಟ್ಟಿದ್ದರು. ದೈಹಿಕ ಶಿಕ್ಷಣದ ಸರ್ ಮೋಟರ್ ಸೈಕಲ್ ಮೇಲೆ ಮುಂದೆ ಹೋದರು. ಹುಡುಗರು ನಾಷ್ಟಾ ಮಾಡಿದ್ದಾರೆ, ಎಲ್ಲೂ ನಿಲ್ಲಿಸದೆ ನೇರ ಬರಬೇಕು ಎಂದು ನನಗೆ ಎರಡೆರಡು ಸಲ ಹೇಳಿದರು. ಆದರೆ ನೀವೇ ಹೇಳಿ. ರಸ್ತೆಯ ಎರಡೂ ಬದಿಗೆ ಹೊಲಗಳಲ್ಲಿ ಜನ ಬುತ್ತಿ ಬಿಚ್ಚುತ್ತಿದ್ದಾರೆ, ನನ್ನ ಗಾಡಿಯಲ್ಲಿ ಹಬ್ಬಕ್ಕೆ ಮನೆಗೆ ಹೋಗಲಾಗದ ಹುಡುಗರು. ಬಬಲೇಶ್ವರದ ದಾರಿಯಲ್ಲೇ ನಮ್ಮಣ್ಣನ ಹೊಲ. ಗಾಡಿ ತಾನಾಗಿಯೇ ತಿರುಗಿತು ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡಿದ್ದೇನೆ. ತಿರುಗಿಸಿದವನು ನಾನು.

"ಕಾಕಾ, ಆಟ ಮುಗದ ಮ್ಯಾಲ ಹೋಗೂಣ್ರಿ," ಎಂದ ಸಿದ್ದಪ್ಪ.

"ಹಬ್ಬದ ದಿನ ಹೊಲದ ಮುಂದ ಹಾದು ಉಣದ ಹೋದ್ರ ನಮ್ಮ ವೈನಿ ನನ್ನ ಜೀವಂತ ಬಿಡಾಂಗಿಲ್ಲ. ಒಂದ ತುತ್ತ ಉಂಡ ಏಳೂದಪಾ," ಎಂದೆ.

ನಮ್ಮ ಸೀಮೆಯಲ್ಲಿ ಒಂದು ತುತ್ತು ಎಂಬ ಊಟ ಇಲ್ಲ. ಎಳ್ಳು ಹಚ್ಚಿದ ರೊಟ್ಟಿ, ಎಣಗಾಯಿ, ಕಡಬು, ಶೇಂಗಾ ಹೋಳಿಗೆ, ಮೇಲೆ ಗಟ್ಟಿ ಮೊಸರು. ಬೇಡ ಎಂದವನ ಕೈಯ ಮೇಲೆಯೇ ವೈನಿ, ಅಂದರೆ ಅಣ್ಣನ ಹೆಂಡತಿ, ತುಪ್ಪ ಸುರಿದಳು. ಅವಳಿಗಿಂತ ಹೆಚ್ಚು ಬಡಿಸಿದವನು ನಾನು. ಉಣ್ಣುವ ಹುಡುಗರನ್ನು ನೋಡುವ ಸುಖವೇ ಬೇರೆ. ಎದ್ದಾಗ ಅವರು ಕ್ರೂಸರಿನ ಮೆಟ್ಟಿಲು ಹತ್ತಲು ಒಬ್ಬರನ್ನೊಬ್ಬರು ನೂಕುತ್ತಿದ್ದರು.

ಬಬಲೇಶ್ವರದಲ್ಲಿ ಅವರು ಓಡಲಿಲ್ಲ, ಹೊಟ್ಟೆ ಹೊತ್ತುಕೊಂಡು ನಡೆದರು. ಚೆಂಡು ಪಕ್ಕದಲ್ಲೇ ಹೋದರೂ ನಮ್ಮ ಹುಡುಗರು ಅದಕ್ಕೆ ನಮಸ್ಕಾರ ಮಾಡುವಂತೆ ಬಾಗಿ ನಿಲ್ಲುತ್ತಿದ್ದರು. ಅರ್ಧ ಆಟಕ್ಕೆ ನಮ್ಮ ಮೇಲೆ ಎರಡು ಗೋಲು ಬಿದ್ದವು. ಸರ್ ಎಲ್ಲರನ್ನೂ ಸುತ್ತ ನಿಲ್ಲಿಸಿ, ಏನು ತಿಂದು ಬಂದಿರಿ, ಗಾಡಿ ಎಲ್ಲಿ ನಿಂತಿತ್ತು ಎಂದು ಕೇಳಿದರು. ನಾನು ನೀರಿನ ಕ್ಯಾನಿನ ಹತ್ತಿರ, ತುಂಬಿದ ಲೋಟಕ್ಕೇ ನೀರು ಬಿಡುತ್ತ ನಿಂತಿದ್ದೆ.

"ನಂದ ತಪ್ಪರಿ ಸರ್," ಎಂದ ಸಿದ್ದಪ್ಪ. "ಹಬ್ಬದ ಊಟ ಮಾಡೂಣಂತ ನಾನ ಗಾಡಿ ತಿರಗಸಾಕ ಹಚ್ಚೀನಿ."

ಒಂದು ಮಾತು ಸಾಕಿತ್ತು. ನನ್ನ ಬಾಯಿಂದ ಬರಲಿಲ್ಲ. ಸರ್ ಅವನ ತೋಳಿಗಿದ್ದ ನಾಯಕನ ಪಟ್ಟಿ ಬಿಚ್ಚಿಸಿ ಇನ್ನೊಬ್ಬನಿಗೆ ಕಟ್ಟಿಸಿದರು. ಅವನು ಜಾಲಿಗಿಡದ ಹಿಂದೆ ಹೋಗಿ ವಾಂತಿ ಮಾಡಿಕೊಂಡು, ಮುಖ ತೊಳೆದು ಬಂದ. ಆಮೇಲೆ ಆಡಿದ ಆಟವನ್ನು ನನ್ನಂಥವನು ಹೇಗೆ ಹೇಳಲಿ? ಹಿಂದೆ ಅವನೇ, ಮುಂದೆ ಅವನೇ. ಪಟ್ಟಿ ಇಲ್ಲದ ತೋಳನ್ನು ಎತ್ತಿ ಎತ್ತಿ ಹುಡುಗರನ್ನು ಕರೆಯುತ್ತಿದ್ದ. ಅವರೂ ಅವನ ತೋಳನ್ನೇ ನೋಡುತ್ತಿದ್ದರು. ಒಂದು ಗೋಲು ಹೊಡೆದ. ಇನ್ನೊಂದು ಕಂಬಕ್ಕೆ ಬಡಿಯಿತು. ಸೀಟಿ ಊದಿದರು. ವರ್ಷದ ಆಟ ಅಲ್ಲಿಗೆ ಮುಗಿಯಿತು.

ವಾಪಸು ಬರುವಾಗ ಮುಂದಿನ ಸೀಟಿಗೆ ಯಾರೂ ಬರಲಿಲ್ಲ. ನಾನು ತಡೆಯಲಾರದೆ, ಇವತ್ತು ಇಲ್ಲಿ ಯಾರು ಕೂಡಬೇಕು ಎಂದೆ. ಹಿಂದಿನಿಂದ ಸಿದ್ದಪ್ಪ, "ಕೂಡೂವ್ರು ಕುಂತಾರಲ್ಲರಿ ಕಾಕಾ, ಸ್ಟೇರಿಂಗ್ ಹಿಡಕೊಂಡು," ಎಂದ. ಗಾಡಿ ತುಂಬ ನಗೆ. ನಾನೂ ನಕ್ಕೆ. ರಸ್ತೆ ಮಸುಕಾಗಿದ್ದರಿಂದ ಗಾಡಿ ಸ್ವಲ್ಪ ಮೆಲ್ಲಗೆ ಓಡಿಸಿದೆ. ಇಳಿಯುವಾಗ ಅವನು ಕಿಟಕಿಗೆ ಬಂದು, ಸರ್‌ಗೆ ಏನೂ ಹೇಳಬೇಡಿ, ಸುಮ್ಮನೆ ನಿಮ್ಮ ಗಾಡಿಯ ಬಾಡಿಗೆ ತಪ್ಪಿಸುತ್ತಾರೆ ಎಂದ. ಹೇಳದೆ ಇರುವುದೇ ನನಗೂ ಬೇಕಾಗಿತ್ತು.

ಸಿದ್ದಪ್ಪ ಈಗ ಟಿಕೋಟಾದಲ್ಲಿ ದ್ರಾಕ್ಷಿ ತೋಟಗಳಿಗೆ ಪೈಪು ಮಾರುವ ಅಂಗಡಿಯಲ್ಲಿದ್ದಾನೆ. ಕಂಡರೆ ಕಾಕಾ ಎಂದು ಚಹಾ ಕುಡಿಸುತ್ತಾನೆ, ಆ ದಿನದ ಮಾತು ಎತ್ತುವುದಿಲ್ಲ. ನಾನೂ ಸುಮ್ಮನಿದ್ದುಬಿಡುತ್ತಿದ್ದೆನೇನೋ. ಆದರೆ ನಿನ್ನೆ ಸರ್ ಈ ವರ್ಷದ ತಂಡಕ್ಕೆ ಗಾಡಿ ಕೇಳಲು ಫೋನ್ ಮಾಡಿದ್ದರು. ಮಾತಿನ ನಡುವೆ, ಹೊಸ ಹುಡುಗರಿಗೆ ಮೊದಲ ದಿನವೇ ಸಿದ್ದಪ್ಪನ ಕಥೆ ಹೇಳುತ್ತೇನೆ, ಹೊಟ್ಟೆಗಾಗಿ ತಂಡ ಮುಳುಗಿಸಿದ ನಾಯಕ ಎಂದು ಪ್ರತಿ ವರ್ಷ ಹೇಳುತ್ತೇನೆ ಎಂದರು. ನನಗೆ ನಿದ್ದೆ ಹತ್ತಲಿಲ್ಲ.

ಅದಕ್ಕೇ ಎಳ್ಳಿನ ವಾಸನೆ ಬಿಟ್ಟು ಎದ್ದೆ. ಗೋಳಗುಮ್ಮಟದ ಹಿಂದಿನ ಓಣಿಯಲ್ಲಿ ಸರ್ ಮನೆ. ಹೆಂಡತಿ ಹೋಳಿಗೆಯ ಡಬ್ಬಿ ಕೊಡಲು ಬಂದಳು. ಇವತ್ತು ಬೇಡ ಎಂದೆ. ಹಬ್ಬದ ಮುಂದೆ ಬರಿಗೈಲಿ ಒಬ್ಬರ ಮನೆಗೆ ಹೋಗುತ್ತಿರುವುದು ಇದೇ ಮೊದಲು.

ಸರ್ ಬಾಗಿಲು ತೆಗೆದು, ನಮ್ಮ ಸೀಮೆಯವರಲ್ಲವೇ, ಬಂದ ಕೆಲಸ ಕೇಳುವ ಮೊದಲೇ ಒಳಗೆ ಕೂಗಿ ಇನ್ನೊಂದು ತಾಟು ಹಾಕಿಸಿದರು. "ಬರ್ರಿ, ಬರ್ರಿ, ಊಟಕ್ಕ ಕೂಡ್ರಿ," ಎಂದರು.

"ಊಟ ಆಮ್ಯಾಲ್ರಿ ಸರ್," ಎಂದೆ. "ಮೊದಲ ಸಿದ್ದಪ್ಪಂದ ಒಂದ ಮಾತು ಹೇಳೂದೈತಿ."