ವಿಮಾ ಇಲಾಖೆಯ ದನಿ

ತಪ್ಪು ನನ್ನದೇ. ಪ್ಲೇನ್ಸ್‌ಬರೋದ ಒಂದು ವಿಮಾ ಕಚೇರಿಯಲ್ಲಿ ಕೆಲಸಕ್ಕಿದ್ದು, ಏಜೆಂಟ್ ಲೈಸೆನ್ಸ್‌ಗೆ ಅರ್ಜಿ ಹಾಕಿ ಕಾಯುತ್ತಿದ್ದೆ; ಬುದ್ಧಿಗೂ ಒಂದು ಅರ್ಜಿ ಹಾಕಬೇಕಿತ್ತು. ಕಂಡವರ ದನಿಯನ್ನೆಲ್ಲ ಅನುಕರಿಸುವುದು ನನ್ನ ಚಟ. ದೇವಸ್ಥಾನದ ಭಟ್ಟರು, ಮೂಗಿನಲ್ಲಿ ಮಾತಾಡುವ ನಮ್ಮಪ್ಪ, ಹುಡುಗಿಯರ ಮುಂದೆ ತೊದಲುವ ನಾನು, ಯಾರನ್ನೂ ಬಿಟ್ಟಿಲ್ಲ.

ಒಂದು ಮಧ್ಯಾಹ್ನ ಪಾರ್ಕಿಂಗ್ ಲಾಟಿನಲ್ಲಿ ಕಾರೊಳಗೆ ಕೂತು, ನಂಬರ್ ಕಾಣದಂತೆ ಮಾಡಿ, ಕಚೇರಿಯ ಒಡತಿಗೆ ಫೋನ್ ಮಾಡಿದೆ. ಧಾರವಾಡದ ಆಂಟಿ, ಇಪ್ಪತ್ತು ವರ್ಷದಿಂದ ಏಜೆಂಟ್. ರಾಜ್ಯದ ವಿಮಾ ಇಲಾಖೆಯ ತನಿಖಾಧಿಕಾರಿಯಂತೆ ಗಂಟಲು ದಪ್ಪ ಮಾಡಿ, ಇಂಗ್ಲಿಷಿನಲ್ಲಿ, "ಮ್ಯಾಮ್, ನಿಮ್ಮಲ್ಲಿ ಲೈಸೆನ್ಸ್ ಇಲ್ಲದವರು ಪಾಲಿಸಿ ಮಾರುತ್ತಿದ್ದಾರೆಯೇ?" ಎಂದೆ. ಆಂಟಿ ತಡವರಿಸಿದರೆ ನಗೋಣ ಎಂದಿದ್ದೆ. ಅವರು ಫೋನ್ ಕಟ್ ಮಾಡಿದರು.

ಒಳಗೆ ಹೋದಾಗ ಅವರ ಕೈ ಇನ್ನೂ ಕೀಬೋರ್ಡಿನ ಮೇಲಿತ್ತು.

"ಇಲಾಖೆಗೆ ಬರದು ಕಳಿಸೀನಿ. ಲೈಸೆನ್ಸ್ ಇಲ್ದೇ ನೀ ಮೂರು ಮನಿಯವರಿಗೆ ಪಾಲಿಸಿ ಮಾರಿದ್ದು. ನಾವಾಗೇ ಹೇಳಿದ್ರ ಶಿಕ್ಷಾ ಕಮ್ಮಿ ಆಗ್ತದ."

"ಆಂಟಿ, ಆ ಫೋನ್ ಮಾಡಿದ್ದು ನಾನು."

ಅವರು ಕೀಬೋರ್ಡನ್ನು ಪಕ್ಕಕ್ಕೆ ಸರಿಸಿದರು. "ಫೋನ್ ಸುಳ್ಳು. ನಾ ಬರದದ್ದು ಖರೇ ಅದಲಾ."

ಎರಡು ವಾರಕ್ಕೆ, ಇಬ್ಬರೂ ರಾಜ್ಯದ ರಾಜಧಾನಿ ಟ್ರೆಂಟನ್‌ಗೆ ಬನ್ನಿ ಎಂಬ ಪತ್ರ ಬಂತು. ಆಂಟಿಯ ಲೈಸೆನ್ಸ್ ಹೋದರೆ ಕಚೇರಿಯೇ ಮುಚ್ಚುತ್ತದೆ. ನಾನು ಕಾನೂನು ಓದತೊಡಗಿದೆ. ಇಲಾಖೆ ದಂಡ ಹಾಕಬಹುದು, ಲೈಸೆನ್ಸ್ ಕಿತ್ತುಕೊಳ್ಳಬಹುದು. ಕೆಲವು ರಾಜ್ಯಗಳಲ್ಲಂತೂ ವಿಮಾ ವಂಚನೆ ಹಿಡಿಯುವವರನ್ನು ಕಾನೂನು ಪೊಲೀಸರ ಸಾಲಿಗೇ ಸೇರಿಸುತ್ತದೆ, ಬಂದೂಕಿನ ಸಮೇತ. ನಮ್ಮ ರಾಜ್ಯದವರು ಯಾವ ಬಗೆ? ಅಧಿಕಾರಿಯಂತೆ ನಟಿಸಿದವನನ್ನು ಏನು ಮಾಡುತ್ತಾರೆ? ಹೆದ್ದಾರಿ ರೂಟ್ ಒನ್‌ನಲ್ಲಿ ಹಿಂದೆ ಪೊಲೀಸ್ ಕಾರು ಬಂದರೆ ಸ್ಟಿಯರಿಂಗ್ ಬೆವರಿನಿಂದ ಜಾರುತ್ತಿತ್ತು. ಮನೆಯಲ್ಲಿ ಅಪ್ಪನ ದನಿ ತೆಗೆಯಲು ಹೋದರೂ ಬರೀ ಕೆಮ್ಮು ಬಂತು.

ಟ್ರೆಂಟನ್ನಿನ ತನಿಖಾಧಿಕಾರಿ ಸ್ವೆಟರ್ ತೊಟ್ಟ ಹೆಂಗಸು. ತೆಳ್ಳನೆಯ ದನಿ, ನನ್ನ ನಕಲಿಗೆ ಹತ್ತಿರವೂ ಇಲ್ಲ. ಎಲ್ಲ ಒಪ್ಪಿಕೊಂಡೆ. ಆಕೆ ಬರೆದುಕೊಂಡರು. ಆಂಟಿ ತಾವಾಗಿಯೇ ತಿಳಿಸಿದ್ದರಿಂದ ಅವರಿಗೆ ಎಚ್ಚರಿಕೆಯ ಪತ್ರ ಮಾತ್ರ, ಲೈಸೆನ್ಸ್ ಉಳಿಯುತ್ತದೆ ಎಂದರು. ಆಂಟಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಅಧಿಕಾರಿ ನನ್ನ ಹೆಸರಿದ್ದ ಇನ್ನೊಂದು ಕಾಗದಕ್ಕೆ ಸಹಿ ಹಾಕಿ ಪಕ್ಕಕ್ಕಿಟ್ಟರು.

ಹೆದರಿದಾಗ ನನ್ನ ಬಾಯಿ ನನ್ನ ಮಾತು ಕೇಳುವುದಿಲ್ಲ. "ನನ್ನನ್ನು ಅರೆಸ್ಟ್ ಮಾಡೋ ಅಧಿಕಾರ ನಿಮಗಿದೆಯಾ?" ಎಂದುಬಿಟ್ಟೆ.

"ಇಲ್ಲ," ಎಂದರು. "ಲೈಸೆನ್ಸ್ ಕೊಡದೇ ಇರೋ ಅಧಿಕಾರ ಇದೆ. ಈಗಷ್ಟೇ ಅದನ್ನ ಬಳಸಿದೆ."