ಅಂಗೈ ಮೇಲಿನ ಎರಡು ಗೆರೆ

ಎರಡನೇ ಮಹಾಯುದ್ಧದ ವರ್ಷಗಳಲ್ಲಿ ಧಾರವಾಡದ ಕಾಲೇಜಿನಲ್ಲಿ ನನ್ನ ಜೊತೆ ಕೋಣೆಯಲ್ಲಿದ್ದವನು ಹಾನಗಲ್ ಕಡೆಯ ರೈತನ ಮಗ. ಅರ್ಥಶಾಸ್ತ್ರದ ಮೊದಲ ಪಾಠಗಳೇ ನನ್ನ ತಲೆಗೆ ಹತ್ತುತ್ತಿರಲಿಲ್ಲ. ಅವನು ಅಂಗೈ ಮೇಲೆ ಉಗುರಿನಿಂದ ಬೇಡಿಕೆಯದೊಂದು, ಪೂರೈಕೆಯದೊಂದು ಗೆರೆ ಎಳೆದು, ಅವೆರಡೂ ಕೂಡುವಲ್ಲಿ ಬೆರಳಿಟ್ಟು, "ಇಷ್ಟ ನೋಡಪಾ, ಭಾಳ ಸರಳ ಐತಿ" ಎನ್ನುತ್ತಿದ್ದ.

ಸುಗ್ಗಿ ಮುಗಿದ ಮೇಲೆ ಅವನ ಅಪ್ಪ ನಮ್ಮ ಕೋಣೆಗೆ ಬಂದರು. "ಭತ್ತ ಈಗ ಮಾರಲ್ಯೋ, ಇಟ್ಕೊಳ್ಳಲ್ಯೋ?" ಎಂದು ಮಗನನ್ನು ಕೇಳಿದರು. ಅವನು ಅವರ ಒರಟು ಅಂಗೈ ಮೇಲೂ ಗೆರೆ ಎಳೆದ.

"ಮಾಲು ಕಡಿಮಿ ಆದಂಗ ಧಾರಣಿ ಏರತೈತಿ. ಇಟ್ಕೋ ಯಪ್ಪಾ. ಭಾಳ ಸರಳ ಐತಿ."

ನಾನೂ ಹೌದೆಂದು ತಲೆಯಾಡಿಸಿದೆ.

ಎರಡು ತಿಂಗಳಲ್ಲಿ ಸರಕಾರದವರು ಅವರ ಮನೆಗೆ ಬಂದು ಕಣಜ ತೆಗೆಸಿದರು. ಯುದ್ಧಕಾಲದ ಕಾನೂನು ಮೀರಿ ಧಾನ್ಯ ಬಚ್ಚಿಟ್ಟಿದ್ದಾರೆಂದು ಭತ್ತವನ್ನೆಲ್ಲ ಒಯ್ದು, ಅವನ ಅಪ್ಪನನ್ನು ಜೈಲಿಗೆ ಹಾಕಿದರು.

ಕಾಲೇಜು ಬಿಟ್ಟು ಟ್ರಂಕು ಒಯ್ಯಲು ಬಂದವನನ್ನು, "ನಿಮ್ಮಪ್ಪ ಏನಂದ್ರು?" ಎಂದು ಕೇಳಿದೆ.

"ಬೈದಿದ್ರ ಚಲೋ ಇತ್ತು" ಎಂದ. "ಜೇಲಿನಾಗ ಎಲ್ಲಾರ ಮುಂದ, 'ನನ್ನ ಮಗಾ ಓದಿದಾಂವ, ಅಂವ ಹೇಳಿದ್ದು ತಪ್ಪೂದಿಲ್ಲ' ಅಂತಾನ."

ಅವನು ತನ್ನ ಪುಸ್ತಕವನ್ನು ನನ್ನ ಹಾಸಿಗೆಯ ಮೇಲಿಟ್ಟು ಹೋದ. ಅದರ ಅಂಚಿನಲ್ಲಿ ಅವನು ಬರೆದಿದ್ದ ಟಿಪ್ಪಣಿಗಳನ್ನು ಓದಿಯೇ ನಾನು ಪಾಸಾದೆ. ಮುಂದೆ ಕೆಲಸದ ಮೇಲೆ ಹಾನಗಲ್ಲಿಗೆ ಎಷ್ಟೋ ಸಲ ಹೋದೆ. ಅವನ ಊರಿಗೆ ದಾರಿ ಯಾವುದೆಂದು ಕೇಳುವ ಧೈರ್ಯ ಮಾತ್ರ ಒಮ್ಮೆಯೂ ಆಗಲಿಲ್ಲ.